ಡಲ್ಸಿಯ ಗಾಳಿಚೀಲ

ಡಲ್ಸಿ ಬ್ರಾನಕ್‌ಳ ಬಾಯಿಗೆ ಬೀಗ ಮಾಡುವವನು ನಮ್ಮ ವಿಲ್ಲಕೂರದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ಊರಿನ ಮಾತು. ಊರೆಂದರೆ ಎಷ್ಟು ದೊಡ್ಡದು ಮಹಾ! ಒಂದು ಬಾರು, ಒಂದು ಪೆಟ್ರೋಲ್ ಬಂಕು, ನರ್ಸಮ್ಮನ ಕ್ಲಿನಿಕ್ಕು, ಕೆಂಪು ಮಣ್ಣಿನಲ್ಲಿ ಪೂರ್ವ ಪಶ್ಚಿಮವಾಗಿ ಮಲಗಿರುವ ವಿಮಾನ ಇಳಿಯುವ ಪಟ್ಟಿ, ಅದರ ಅಂಚಿಗೆ ತಗಡಿನ ಹಳೇ ಹ್ಯಾಂಗರು. ಆ ಹ್ಯಾಂಗರಿನಲ್ಲೇ ವಿಮಾನಗಳ ಮ್ಯೂಸಿಯಂ. ಟಿಕೆಟ್ ಹರಿಯುವವಳು, ಚಹಾ ಕಾಸುವವಳು, ಧೂಳು ಹೊಡೆಯುವವಳು ಎಲ್ಲ ಡಲ್ಸಿಯೇ. ಗಂಡ ಕೆಲ್ ಅದರ ಪಂಡಿತ. ವಯಸ್ಸಿನಲ್ಲಿ, ಮೇಲಿನಿಂದ ದನದ ಹಿಂಡು ಅಟ್ಟುವ ಪುಟ್ಟ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸಿ ಬದುಕಿದವನು, ಈಗ ಹಾರದ ವಿಮಾನಗಳ ಮೈ ಒರೆಸಿಕೊಂಡು ನೆಮ್ಮದಿಯಾಗಿದ್ದ.

ಕೆಲ್ ನಿಧಾನಿ. ಮಾತು ಅವನ ಹೊಟ್ಟೆಯಿಂದ ಹೊರಟು ಬಾಯಿಗೆ ಬರುವಷ್ಟರಲ್ಲಿ ಒಲೆಯ ಮೇಲಿನ ಕೆಟಲ್ ಕುದಿದು ಆರಿರುತ್ತಿತ್ತು. ಡಲ್ಸಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅವನು "ಇವತ್ತು..." ಎಂದರೆ ಸಾಕು, "ಬಿಸಿಲು ಜಾಸ್ತಿ, ಗೊತ್ತು, ಟೋಪಿ ಹಾಕ್ಕೋ" ಎಂದು ಅವಳೇ ಮುಗಿಸುತ್ತಿದ್ದಳು. ಅವನು ಹೇಳಲು ಹೊರಟದ್ದು ಬೇರೇನೋ ಇರುತ್ತಿತ್ತು. ಆದರೂ ಪಾಪ, ಟೋಪಿ ಹಾಕಿಕೊಂಡು ಹೋಗುತ್ತಿದ್ದ. ಮದುವೆಯಾದ ಹೊಸತರಲ್ಲಿ ಇದನ್ನು ಊರವರು ಪ್ರೀತಿ ಎಂದು ಕರೆದರು. ಆಮೇಲಾಮೇಲೆ ಅಭ್ಯಾಸವಾಯಿತು.

ಮ್ಯೂಸಿಯಂ ಗೋಡೆಗೆ ಕೆಲ್ ಒಂದು ಹಳೇ ರೇಡಿಯೋ ರಿಪೇರಿ ಮಾಡಿ ತೂಗುಹಾಕಿದ್ದ. ಮೇಲೆ ಹಾರುವ ಪೈಲಟ್‌ಗಳ ಮಾತು ಪ್ರವಾಸಿಗಳಿಗೂ ಕೇಳಲಿ ಎಂದು. ಅದರಲ್ಲಿ ಕೇಳಬಹುದಿತ್ತು, ಮಾತಾಡಲು ಆಗುತ್ತಿರಲಿಲ್ಲ. "ಈ ರೇಡಿಯೋ ನನ್ನ ಹಾಗೆ..." ಎಂದು ಕೆಲ್ ತನ್ನ ಬಾಳಿನ ಏಕೈಕ ತಮಾಷೆ ಶುರು ಮಾಡಿದರೆ, "...ಬರೀ ಕೇಳಿಸ್ಕೊಳ್ಳತ್ತೆ, ಮಾತಾಡಲ್ಲ!" ಎಂದು ಅದನ್ನೂ ಡಲ್ಸಿಯೇ ಕಸಿದುಕೊಂಡು ನಗಿಸಿಬಿಡುತ್ತಿದ್ದಳು. ಅಲ್ಲ, ಒಬ್ಬ ಗಂಡಸಿಗೆ ಅವನ ಜೋಕನ್ನಾದರೂ ಬಿಡಬಾರದೇ!

ಹ್ಯಾಂಗರಿನ ಮುಂದೆ ಬಿಳಿ ಹಂಸಗಳ ಸಾಲು. ಹಳೇ ಟೈರನ್ನು ಕೊಯ್ದು, ಒಳಮೈ ಹೊರಗೆ ಮಾಡಿ, ಕತ್ತು ಬಗ್ಗಿಸಿ, ಸುಣ್ಣದ ಬಿಳುಪಿನ ಬಣ್ಣ ಬಳಿದ ಹಂಸಗಳು. ಮದುವೆಯ ದಿನ ಬಂದಾಗಲೆಲ್ಲ ಕೆಲ್ ಹೆಂಡತಿಗೊಂದು ಹಂಸ ಮಾಡಿಕೊಡುತ್ತಿದ್ದ. ಹಂಸಕ್ಕೆ ಮಾತು ಬೇಕಿಲ್ಲವಲ್ಲ. ಸುತ್ತ ಎಲ್ಲೂ ಒಂದು ಹನಿ ನೀರಿಲ್ಲದ ಆ ಬಯಲಿನಲ್ಲಿ ಅವು ಬೆನ್ನ ಮೇಲೆ ಜರೇನಿಯಂ ಹೂಗಿಡ ಹೊತ್ತುಕೊಂಡು ಕೂತಿರುತ್ತಿದ್ದವು. ಡಲ್ಸಿ ಪಾತ್ರೆ ತೊಳೆದ ನೀರನ್ನು ಅವಕ್ಕೇ ಹಾಕುತ್ತಿದ್ದಳು.

ಇನ್ನು ಗಾಳಿಚೀಲದ ಕಥೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಆಕಾಶದಲ್ಲಿರುವ ಪೈಲಟ್‌ಗೆ ತಿಳಿಸಲು ಕಂಬದ ತುದಿಗೆ ಕಟ್ಟುವ ಉದ್ದನೆಯ ಬಟ್ಟೆಯ ಚೀಲ ಅದು. ಗಾಳಿ ಹೋಗುವ ಕಡೆಗೆ ಅದರ ಬಾಲ ಚಾಚುತ್ತದೆ. ಮ್ಯೂಸಿಯಂ ಮುಂದೆಯೂ ಒಂದನ್ನು ಅಂದಕ್ಕೆಂದು ನೆಟ್ಟಿದ್ದರು. ಆದರೆ ನಮ್ಮೂರಿನ ಮಧ್ಯಾಹ್ನಕ್ಕೆ ಗಾಳಿ ಎಲ್ಲಿ? ಅದು ಒದ್ದೆ ಟವೆಲ್ಲಿನಂತೆ ಜೋತುಬಿದ್ದಿರುತ್ತಿತ್ತು. ಗಾಡಿಯ ಹಿಂದೆ ಕ್ಯಾರವಾನ್ ಎಂಬ ಚಕ್ರದ ಮನೆ ಎಳೆದುಕೊಂಡು ಬರುವ ಪ್ರವಾಸಿಗಳು ಕ್ಯಾಮೆರಾ ಎತ್ತಿ, ಮುಖ ಸಿಂಡರಿಸಿ, ಕ್ಯಾಮೆರಾ ಇಳಿಸುತ್ತಿದ್ದರು. ಡಲ್ಸಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ದಿನ ಚೀಲದೊಳಗೆ ಗಟ್ಟಿ ತಂತಿಯ ಬಳೆಗಳನ್ನು ಹೊಲಿಸಿ, ಬಾಲವನ್ನು ಪಶ್ಚಿಮಕ್ಕೆ ತಿರುಗಿಸಿ, ಅಲುಗಾಡದಂತೆ ಬಿಗಿಸಿಬಿಟ್ಟಳು. ಹಾಗಿದ್ದರೆ ಅದರ ಮೇಲಿನ ಊರಿನ ಹೆಸರು ರಸ್ತೆಗೆ ಸರಿಯಾಗಿ ಕಾಣುತ್ತಿತ್ತು. ಅವತ್ತಿನಿಂದ ವಿಲ್ಲಕೂರದಲ್ಲಿ ಹಗಲೂ ರಾತ್ರಿ ಪೂರ್ವದ ಬಿರುಗಾಳಿ! ಪ್ರವಾಸಿಗಳು ಅದರ ಕೆಳಗೆ ನಿಂತು ಫೋಟೋ ಹೊಡೆಸಿಕೊಳ್ಳತೊಡಗಿದರು.

ಅವತ್ತು ಸಂಜೆ ಕಪ್ಪು ತೊಳೆಯುತ್ತಾ ಕೆಲ್ ಹೇಳಿದ, "ಡಲ್ಸಿ, ಆ ಚೀಲ..."

"ಚೆನ್ನಾಗಿ ಕಾಣತ್ತೆ, ಅಲ್ವಾ?"

ಕೆಲ್ ಅವತ್ತು ಮಾತ್ರ ಬಿಡಲಿಲ್ಲ. ಇನ್ನೆರಡು ಕಪ್ಪು ತೊಳೆದು ಒರೆಸಿಟ್ಟ ಮೇಲೆ ಹೇಳಿಯೇ ಹೇಳಿದ. "ಅದು ಸುಳ್ಳು ಹೇಳ್ತಿದೆ ಕಣೇ."

"ಅಯ್ಯೋ, ನಮ್ಮ ಪೈಲಟ್‌ಗಳಿಗೆಲ್ಲ ಗೊತ್ತಲ್ಲ ಮಾರಾಯಾ ಅದು ಆಟದ ಚೀಲ ಅಂತ! ಪಟ್ಟಿ ಪಕ್ಕದಲ್ಲಿ ನಿಜವಾದ್ದು ಇದೆಯಲ್ಲ!"

ಇತ್ತು, ನಿಜ. ಆಮೇಲೆ ಬಿಳಿ ಗಿಳಿಗಳ ಹಿಂಡೊಂದು ಬಂದು ಕೂತು, ಆ ನಿಜವಾದ ಚೀಲವನ್ನು ಕುಕ್ಕಿ ಕುಕ್ಕಿ ಚಿಂದಿ ಮಾಡಿತು. ಕಂಬದ ತುದಿಯಲ್ಲಿ ಬರೀ ಕಬ್ಬಿಣದ ಬಳೆ ಉಳಿಯಿತು. ಹೊಸ ಚೀಲ ಬರುತ್ತದೆ, ಬರುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರು. ಬಂದು ಹೋಗುವ ಪೈಲಟ್‌ಗಳು ನಾಲ್ಕು ಜನ ಹಳಬರು. ಅವರಿಗೆ ಚೀಲ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆಗಸ್ಟ್ ತಿಂಗಳು, ನಮ್ಮಲ್ಲಿ ಚಳಿಗಾಲ, ಪ್ರವಾಸಿಗಳ ಕಾಲ. ದೂರದ ಜೀಲಾಂಗ್ ಪಟ್ಟಣದ ಕಡೆಯ ಟ್ರೆವರ್ ಮತ್ತು ಗ್ಲೆನಿಸ್ ಎಂಬ ದಂಪತಿ ಬಂದಿದ್ದರು. ಟ್ರೆವರ್ ನಿವೃತ್ತಿಯ ಹಣದಲ್ಲಿ ಕೊಂಡ ಹೊಸ ದೊಡ್ಡ ಗಾಡಿಯನ್ನು ನಿಲ್ಲಿಸಿ, ಇಳಿದ ಕೂಡಲೇ ಅದರ ಬಾಗಿಲಿನ ಧೂಳನ್ನು ಕರವಸ್ತ್ರದಿಂದ ಒರೆಸಿದ. ಗ್ಲೆನಿಸ್ ಗಾಳಿಚೀಲದ ಕೆಳಗೆ ಟೋಪಿ ಹಿಡಿದು ನಿಂತು ಫೋಟೋ ಹೊಡೆಸಿಕೊಂಡಳು. ಬೆಳಗ್ಗೆ ಎಲೆ ಅಲುಗಾಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದಿಂದ ಒಣ ಗಾಳಿ ಏಳತೊಡಗಿತು, ಹ್ಯಾಂಗರಿನ ತಗಡುಗಳು ಕಟಕಟ ಎನ್ನುತ್ತಿದ್ದವು.

ಒಳಗೆ ಕೆಲ್ ಅವರನ್ನು ತನ್ನ ಮುದ್ದಿನ ಹಳದಿ ವಿಮಾನದ ಮುಂದೆ ನಿಲ್ಲಿಸಿದ್ದ. ಎಂಜಿನ್ನಿನ ಮೇಲೆ ಕೈಯಿಟ್ಟು ಎಂದಿನಂತೆ ಶುರು ಮಾಡಿದ, "ಈ ಎಂಜಿನ್ನು..."

ಸ್ಕೋನ್ ಎಂಬ ಪುಟ್ಟ ಬನ್ನುಗಳಿಗೆ ಜಾಮ್ ಹಚ್ಚುತ್ತಿದ್ದ ಡಲ್ಸಿ ತಲೆ ಎತ್ತದೆಯೇ ಕೂಗಿದಳು. "ಮೂರು ಸಲ ಆಕಾಶದಲ್ಲೇ ನಿಂತುಹೋಗಿತ್ತು! ಮೂರು ಸಲಾನೂ ಪೈಲಟ್ ಬದುಕಿದ! ಸಕ್ಕರೆ ಎಷ್ಟು ಹಾಕ್ಲಿ ಗ್ಲೆನಿಸ್?"

ಕೆಲ್‌ನ ಕೈಯಲ್ಲಿದ್ದ ಚಿಂದಿ ಬಟ್ಟೆ ನೆಲಕ್ಕೆ ಬಿತ್ತು. ಡಲ್ಸಿ ತಿರುಗಿ ನೋಡಿದಳು. ಅವನ ಬಾಯಿ ಒಂದು ಕಡೆಗೆ ಜಾರಿತ್ತು. ಈ ಸಲ ಅವನು ಮಾತು ನಿಲ್ಲಿಸಿದ್ದು ಅವಳು ನಡುವೆ ಬಾಯಿ ಹಾಕಿದ್ದಕ್ಕಲ್ಲ.

ನರ್ಸ್ ಬ್ರೈಡಿ ಕ್ಲಿನಿಕ್ಕಿನ ಗಾಡಿಯಲ್ಲಿ ಓಡಿಬಂದಳು. ಕಣ್ಣಿಗೆ ಬೆಳಕು ಬಿಟ್ಟಳು, ಕೈ ಎತ್ತಿಸಿದಳು. ಬಲಗೈ ಏಳಲಿಲ್ಲ.

"ಲಕ್ವ ಹೊಡೆದಿದೆ ಡಲ್ಸಿ. ಇಲ್ಲಿ ನನ್ನ ಕೈಲಿ ಏನೂ ಇಲ್ಲ. ದೊಡ್ಡಾಸ್ಪತ್ರೆಗೆ ಎಷ್ಟು ಬೇಗ ಹೋಗ್ತಾನೋ ಅಷ್ಟು ಉಳೀತಾನೆ. ನಾನಿವನನ್ನ ನೋಡ್ಕೋತೀನಿ, ನೀನು ವಿಮಾನಕ್ಕೆ ಫೋನ್ ಮಾಡು."

ಡಲ್ಸಿ ದೂರದ ಊರುಗಳಿಗೆ ಹಾರಿ ಬಂದು ರೋಗಿಗಳನ್ನು ಕರೆದೊಯ್ಯುವ ಡಾಕ್ಟರ್ ವಿಮಾನದ ಕಚೇರಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗ ನಮ್ಮೂರವರಿಗೆಲ್ಲ ಬಾಯಿಪಾಠವಾಗಿರುವ ಪ್ರಶ್ನೆಗಳನ್ನೇ ಕೇಳತೊಡಗಿದ.

"ಪಟ್ಟಿ ಹೇಗಿದೆ ಮೇಡಂ?"

"ಒಣಗಿದೆ, ಗಟ್ಟಿಯಿದೆ."

"ದನ, ಕಾಂಗರೂ..."

"ಓಡಿಸ್ತೀನಿ, ಓಡಿಸ್ತೀನಿ!"

"ಗಾಳಿಚೀಲ ಸರಿಯಾಗಿ..."

"ಇದೆ, ಎಲ್ಲಾ ಇದೆ! ಬೇಗ ಕಳ್ಸಪ್ಪಾ!"

"ನೋಡಿ, ಇವತ್ತು ಬರೋ ಪೈಲಟ್ ಈ ಕಡೆಗೆ ಹೊ..."

"ಯಾರಾದ್ರೂ ಬರ್ಲಿ, ಬಂದರೆ ಸಾಕು!" ಎಂದವಳೇ ಫೋನ್ ಕುಕ್ಕಿದಳು.

ವಿಮಾನ ಇಳಿಯುವ ಮೊದಲು ಪಟ್ಟಿಯ ಉದ್ದಕ್ಕೂ ಗಾಡಿ ಓಡಿಸಿ ಪ್ರಾಣಿಗಳನ್ನು ಚದುರಿಸುವುದು ನಮ್ಮಲ್ಲಿ ಹೆಂಗಸರು ಮಕ್ಕಳಿಗೂ ಗೊತ್ತಿರುವ ಕೆಲಸ. ಡಲ್ಸಿ ತನ್ನ ಮುರುಕಲು ಗಾಡಿಯ ಹಾರನ್ ಒತ್ತುತ್ತಾ ಪೂರ್ವದ ತುದಿಯವರೆಗೆ ಹೋದಳು. ಅಲ್ಲಿ ಪಟ್ಟಿ ಮುಗಿದ ಕೂಡಲೇ ಒಣಹಳ್ಳದ ಆಳವಾದ ಕೊರಕಲು, ಅದರ ಆಚೆ ಕೂಲಬಾ ಮರಗಳು. ಮಲಗಿದ್ದ ಕಾಂಗರೂಗಳೆರಡು ಎದ್ದು ಹಾರಿದವು. ಗಾಡಿ ಎಬ್ಬಿಸಿದ ಧೂಳು ಹಿಂದೆ ಉಳಿಯದೆ ಅವಳನ್ನೇ ಹಿಂದಿಕ್ಕಿ ಹಳ್ಳದ ಕಡೆಗೆ ಓಡಿತು. ಅವಳ ಕಣ್ಣು ಅದನ್ನು ಕಂಡಿತು, ಮನಸ್ಸು ಕೆಲ್‌ನ ಹತ್ತಿರ ಇತ್ತು.

ವಾಪಸು ಬಂದಾಗ ಕೆಲ್‌ನನ್ನು ಸ್ಟ್ರೆಚರ್ ಮೇಲೆ ಹ್ಯಾಂಗರಿನ ಬಾಗಿಲಿಗೆ ತಂದು ಮಲಗಿಸಿದ್ದರು. ಅವನ ಎಡಗೈ ಮೇಲೆದ್ದಿತ್ತು. ಬೆರಳು ಹೊರಗೆ ಏನನ್ನೋ ತೋರಿಸುತ್ತಿತ್ತು.

"ನೀರು ಬೇಕಾ? ಬ್ರೈಡಿ, ನೀರು ಕೇಳ್ತಿದ್ದಾನೆ."

ಕೆಲ್ ಕಣ್ಣು ಮುಚ್ಚಿ ತಲೆ ಆಡಿಸಿದ. ಮತ್ತೆ ಬೆರಳು.

"ಬಿಸಿಲಾ? ಟೋಪಿನಾ? ನಾನೂ ಬರ್ತೀನಿ ಕಣೋ, ಒಬ್ಬನ್ನೇ ಕಳಿಸಲ್ಲ. ಹಂಸಗಳಿಗೆ ನೀರು ಹಾಕು ಅಂತಾನಾ? ಹಾಕ್ತೀನಿ, ಹಾಕ್ತೀನಿ..."

ಅವನ ಗಂಟಲಿನಿಂದ ಗೊರಗೊರ ಶಬ್ದ ಬಂತು. ಕಣ್ಣಿನಲ್ಲಿ ನೀರು ತುಂಬಿತು. ಅದು ನೋವಿನ ನೀರಲ್ಲ, ರೇಗಿ ಬಂದ ನೀರು. ಇಷ್ಟು ವರ್ಷದ ಸಂಸಾರದಲ್ಲಿ ಕೆಲ್ ರೇಗಿದ್ದನ್ನು ಡಲ್ಸಿ ನೋಡಿರಲೇ ಇಲ್ಲ.

"ಡಲ್ಸಿ," ಬ್ರೈಡಿ ಗಟ್ಟಿಯಾಗಿ ಅಂದಳು, "ದಮ್ಮಯ್ಯ, ಒಂದು ಗಳಿಗೆ ಬಾಯಿ ಮುಚ್ಚು. ಅವನು ಏನೋ ಹೇಳ್ತಿದ್ದಾನೆ."

ಡಲ್ಸಿ ಬಾಯಿ ಮುಚ್ಚಿದಳು. ಆ ನಿಶ್ಶಬ್ದದಲ್ಲಿ ಗೋಡೆಯ ರೇಡಿಯೋ ಕರಕರ ಎಂದಿತು. ಎಳೆಯ ಹೆಣ್ಣು ಧ್ವನಿ, ಹಿಂದೆಂದೂ ಕೇಳದ್ದು.

"ವಿಲ್ಲಕೂರ ಕಾಣಿಸ್ತಿದೆ. ಗಾಳಿಚೀಲವೂ ಕಾಣಿಸ್ತಿದೆ, ಪೂರ್ವದ ಗಾಳಿ, ಜೋರಾಗಿದೆ. ಪಶ್ಚಿಮದ ತುದಿಯಿಂದ ಇಳೀತೀನಿ."

ಕೆಲ್‌ನ ಎಡಗೈ ಸ್ಟ್ರೆಚರಿನ ಅಂಚನ್ನು ಬಡಿಯಿತು. ಮತ್ತೆ ಎದ್ದು ಅದೇ ಕಡೆಗೆ ಚಾಚಿತು. ಡಲ್ಸಿ ಈಗ ಆ ಬೆರಳಿನ ಹಿಂದೆ ಕಣ್ಣು ಕಳಿಸಿದಳು. ಕಂಬದ ತುದಿಯಲ್ಲಿ ಅವಳ ಚೀಲ ಪಶ್ಚಿಮಕ್ಕೆ ಬಾಲ ಚಾಚಿಕೊಂಡು ಸೆಟೆದು ನಿಂತಿತ್ತು. ಅದರ ಕೆಳಗೆ ನಿಂತಿದ್ದ ಗ್ಲೆನಿಸ್‌ಳ ಟೋಪಿ ಅದೇ ಹೊತ್ತಿಗೆ ತಲೆಯಿಂದ ಹಾರಿ, ನೆಲದ ಮೇಲೆ ಉರುಳುತ್ತಾ, ಪೂರ್ವದ ಹಳ್ಳದ ಕಡೆಗೆ ಓಡಿಹೋಯಿತು.

"ಅಯ್ಯೋ ದೇವರೇ," ಎಂದಳು ಡಲ್ಸಿ.

ವಿಮಾನ ಗಾಳಿಗೆ ಎದೆಯೊಡ್ಡಿ ಇಳಿಯಬೇಕು. ಬೆನ್ನಿಗೆ ಗಾಳಿ ಹೊತ್ತು ಇಳಿದರೆ ಅದು ನಿಲ್ಲುವುದಿಲ್ಲ. ಪಟ್ಟಿ ಮುಗಿಯುತ್ತದೆ, ಕೊರಕಲು ಬರುತ್ತದೆ. ಕೆಲ್‌ನನ್ನು ಉಳಿಸಲು ಬರುತ್ತಿದ್ದ ವಿಮಾನವನ್ನು, ಒಳಗಿದ್ದ ಡಾಕ್ಟರನ್ನು, ಆ ಎಳೆಯ ಧ್ವನಿಯನ್ನು ತಾನು ತಂತಿ ಕಟ್ಟಿ ನಿಲ್ಲಿಸಿದ ಸುಳ್ಳು ಹಳ್ಳಕ್ಕೆ ಕರೆಯುತ್ತಿದೆ. ಹಾಗೆ ಆದರೆ ಕೆಲ್‌ಗೆ ಇನ್ನೊಂದು ವಿಮಾನ ಇವತ್ತು ಇಲ್ಲ. ಅವಳು ಫೋನಿಗೆ ಹಾರಿದಳು. ಲೈನ್ ಬ್ಯುಸಿ. ಗೋಡೆಯ ರೇಡಿಯೋ ಕಡೆ ನೋಡಿದಳು. ಮಾತಾಡಲು ಬಾರದ ರೇಡಿಯೋ. ಅದರ ಜೋಕು ಹೇಳಿ ಎಷ್ಟು ಜನರನ್ನು ನಗಿಸಿದ್ದಳು!

"ಟ್ರೆವರ್! ಗಾಡಿ ತಗೀರಿ, ಆ ಕಂಬಕ್ಕೆ ಹಗ್ಗ ಬಿಗೀರಿ, ಎಳೆದು ಕೆಡವಿ!"

"ಏನು? ಹೊಸ ಗಾಡಿ ಅದು, ಬಂಪರ್..."

"ನಿಮ್ಮ ಬಂಪರ್ ಮನೆ ಹಾಳಾಗ! ವಿಮಾನ ಹಳ್ಳಕ್ಕೆ ಬೀಳತ್ತೆ, ಎಳೀರಿ!"

ಟ್ರೆವರ್ ಮರುಮಾತಾಡದೆ ಓಡಿದ. ಆದರೆ ಕಂಬ ಕೀಳಬೇಕಲ್ಲ? ಕೆಲ್ ನೆಟ್ಟ ಕಂಬ ಅದು, ಬುಡಕ್ಕೆ ಕಾಂಕ್ರೀಟು. ಗಾಡಿ ಎಳೆಯಿತು, ಚಕ್ರ ಗರಗರ ಮಣ್ಣು ತೂರಿತು, ಹಗ್ಗ ಪಟ್ಟೆಂದು ಹರಿಯಿತು. ಪಶ್ಚಿಮದ ಆಕಾಶದಲ್ಲಿ ಒಂದು ಬಿಳಿ ಚುಕ್ಕೆ ಕಾಣಿಸಿತು.

ಡಲ್ಸಿಗೆ ಹೊಳೆದದ್ದು ಹೊಗೆ. ಚೀಲಗಳಿಲ್ಲದ ಕಾಲದಲ್ಲಿ ದನದ ಹಟ್ಟಿಗಳವರು ಪಟ್ಟಿಯ ಪಕ್ಕ ಹೊಗೆ ಹಾಕುತ್ತಿದ್ದರು. ಹೊಗೆ ಎಲ್ಲಿಗೆ ಓಡುತ್ತದೋ ಗಾಳಿ ಅಲ್ಲಿಗೆ. ಆದರೆ ಒಣಹುಲ್ಲು ಹೊಗೆಯಿಲ್ಲದೆ ಉರಿದುಹೋಗುತ್ತದೆ. ಕಪ್ಪಗೆ, ದಪ್ಪಗೆ ಹೊಗೆಯಾಡುವಂಥದ್ದು ಕೈಗೆಟಕುವಲ್ಲಿ ಏನಿದೆ? ಅವಳ ಕಣ್ಣು ಹಂಸಗಳ ಮೇಲೆ ನಿಂತಿತು. ಯೋಚಿಸಲು ಹೊತ್ತಿರಲಿಲ್ಲ. ಯೋಚಿಸಿದ್ದರೆ ಕೈ ಬರುತ್ತಿರಲಿಲ್ಲ.

ಮೊದಲ ಹಂಸದ ಕತ್ತು ಹಿಡಿದು ಎಳೆದಳು. ಜರೇನಿಯಂ ಕುಂಡ ಒಡೆಯಿತು. ಇನ್ನೊಂದು. ಮತ್ತೊಂದು. "ಏನ್ ಮಾಡ್ತಿದ್ದೀರಿ?" ಎನ್ನುತ್ತಲೇ ಗ್ಲೆನಿಸ್ ಕೂಡ ಕೈ ಹಾಕಿದಳು. ಪಟ್ಟಿಯ ಅಂಚಿನಲ್ಲಿ ಹಂಸಗಳನ್ನು ಒಂದರ ಮೇಲೊಂದು ಒಟ್ಟಿ, ಡೀಸೆಲ್ ಕ್ಯಾನು ಬಗ್ಗಿಸಿ ಸುರಿದರು. ಡಲ್ಸಿ ಕಡ್ಡಿ ಗೀರಿದಳು, ಗಾಳಿ ಆರಿಸಿತು. ಮತ್ತೆ ಗೀರಿದಳು, ಆರಿಸಿತು. "ಹಾಳು ಗಾಳಿ! ಬೇಕಾದಾಗ ಬರಲ್ಲ, ಬೇಡಾದಾಗ ಬಿಡಲ್ಲ!" ಅಳು ನುಗ್ಗಿ ಬರುತ್ತಿತ್ತು. ಗ್ಲೆನಿಸ್ ತನ್ನ ಅಗಲವಾದ ಲಂಗ ಹರಡಿ ಗಾಳಿಗೆ ಅಡ್ಡ ಕೂತಳು. ಮೂರನೆಯ ಕಡ್ಡಿ ಹಿಡಿಯಿತು.

ವಿಮಾನ ಈಗ ದೊಡ್ಡದಾಗಿತ್ತು. ಚಕ್ರಗಳು ಕೆಳಗಿಳಿದಿದ್ದವು. ಬೇಲಿಯ ಮೇಲೆ ತೂಗಿ ಬರುವಾಗ ಅದರ ವೇಗ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು, ಗಾಳಿ ಅದನ್ನು ಹಿಂದಿನಿಂದ ದಬ್ಬುತ್ತಿದೆ ಎಂದು. ಹಂಸಗಳ ಬಿಳಿ ಬಣ್ಣ ಗುಳ್ಳೆಯೆದ್ದು ಸಿಡಿಯಿತು. ಮೊದಲು ತೆಳ್ಳಗೆ, ಆಮೇಲೆ ಭುಗ್ಗನೆ ಕಪ್ಪು ಹೊಗೆ ಎದ್ದಿತು. ಎದ್ದದ್ದು ಮೇಲೆ ಹೋಗಲಿಲ್ಲ, ನೆಲಕ್ಕೊರಗಿ ಪಟ್ಟಿಯ ಉದ್ದಕ್ಕೂ ಪೂರ್ವಕ್ಕೆ ಓಡಿತು. ಅದೇ ಗಳಿಗೆಯಲ್ಲಿ ಟ್ರೆವರ್ ಗಾಡಿಯಲ್ಲಿದ್ದ ಕ್ಯಾರವಾನ್ ಎಳೆಯುವ ಸರಪಳಿ ಬಿಗಿದು ಎರಡನೇ ಸಲ ಎಳೆದ. ಕಂಬ ನರಳಿ, ವಾಲಿ, ಊರಿನ ಹೆಸರು ಹೊತ್ತ ಚೀಲದ ಸಮೇತ ಗಾಡಿಯ ಬಾನೆಟ್ಟಿನ ಮೇಲೆಯೇ ಬಿತ್ತು.

ವಿಮಾನದ ಚಕ್ರ ನೆಲ ಮುಟ್ಟಿ ಪುಟಿಯಿತು. ಡಲ್ಸಿ ಕಣ್ಣು ಮುಚ್ಚಲಿಲ್ಲ. ಮುಚ್ಚುವ ಅರ್ಹತೆ ತನಗಿಲ್ಲ ಎನಿಸಿತು ಅವಳಿಗೆ. ಆಗ ಎಂಜಿನ್ನು ಗರ್ಜಿಸಿತು. ಮೂಗು ಮೇಲೆದ್ದಿತು. ಪಟ್ಟಿ ಮುಗಿಯುವಲ್ಲಿ ನೆಲ ಬಿಟ್ಟ ವಿಮಾನ ಕೊರಕಲನ್ನು ದಾಟಿ, ಕೂಲಬಾ ಮರಗಳ ತುದಿಯನ್ನು ಸವರಿದಂತೆ ಮೇಲೆ ಹೋಯಿತು. ಮರದಲ್ಲಿದ್ದ ಬಿಳಿ ಗಿಳಿಗಳೆಲ್ಲ ಒಟ್ಟಿಗೆ ಎದ್ದು ಕಿರುಚಾಡಿದವು.

ಹ್ಯಾಂಗರಿನೊಳಗಿಂದ ರೇಡಿಯೋ ಕೇಳಿಸಿತು. ಅದೇ ಎಳೆಯ ಧ್ವನಿ. "ಹೊಗೆ ಕಂಡೆ. ಗಾಳಿ ಪಶ್ಚಿಮದ್ದು. ಸುತ್ತು ಹಾಕಿ ಆ ಕಡೆಯಿಂದ ಬರ್ತೀನಿ. ಹೊಗೆ ಹಾಕಿದವರ ಹೊಟ್ಟೆ ತಣ್ಣಗಿರಲಿ."

ಡಲ್ಸಿ ಕೆಲ್‌ನ ಸ್ಟ್ರೆಚರ್ ಕಡೆಗೆ ಓಡಿದಳು. ಮುಖವೆಲ್ಲ ಮಸಿ.

ಸರಿಯಾಗಿ ಇಳಿದ ವಿಮಾನದಿಂದ ಡಾಕ್ಟರ್ ಹಾರಿ ಇಳಿದು ಕೆಲ್‌ನ ಕಡೆಗೆ ಓಡಿದರು. ಹಿಂದೆ ಬಂದ ಪೈಲಟ್ ಹುಡುಗಿ ಬಿದ್ದ ಕಂಬವನ್ನು ನೋಡಿದಳು, ಬಗ್ಗಿ ಚೀಲವನ್ನು ಮುಟ್ಟಿದಳು, ಒಳಗಿನ ತಂತಿ ಕೈಗೆ ಸಿಕ್ಕಿತು. ಅವಳ ಮುಖ ಬಿಳುಚಿತು.

"ಇದು ಯಾರ ಕೆಲಸ?"

ಡಲ್ಸಿಯ ಬಾಯಿಗೆ ಗಿಳಿಗಳು, ಪ್ರವಾಸಿಗಳು, ಫೋಟೋಗಳು, ಬಾರದ ಹೊಸ ಚೀಲ ಎಲ್ಲ ಒಟ್ಟಿಗೆ ಬಂದವು. ಎಲ್ಲವನ್ನೂ ನುಂಗಿದಳು.

"ನಂದು."

ಹುಡುಗಿ ಅವಳ ಮಸಿ ಮುಖವನ್ನೂ ಉರಿಯುತ್ತಿದ್ದ ಹಂಸಗಳನ್ನೂ ನೋಡಿದಳು. ಬೈಯಲು ಬಾಯಿ ತೆರೆದವಳು ಬೈಯಲಿಲ್ಲ. "ಹತ್ತಿ ಅಮ್ಮ. ನಿಮ್ಮವರ ಪಕ್ಕ ಕೂತ್ಕೊಳ್ಳಿ," ಎಂದಳು.

ಕೆಲ್ ಬದುಕಿದ. ಬೇಸಿಗೆ ಕಳೆದು ಬಿಸಿಲು ಇಳಿದ ಮೇಲೆ ಊರಿಗೆ ಬಂದ. ಬಲಗೈಯಲ್ಲಿ ಬಲವಿರಲಿಲ್ಲ. ಮಾತು ಮೊದಲೇ ನಿಧಾನ, ಈಗ ಒಂದೊಂದು ಪದಕ್ಕೂ ಬಾವಿಗೆ ಕೊಡ ಇಳಿಸಿ ಎತ್ತಿದ ಹಾಗೆ. ಆಸ್ಪತ್ರೆಯಲ್ಲಿ ಮಾತು ಕಲಿಸುತ್ತಿದ್ದಾಕೆ ಡಲ್ಸಿಗೆ ಒಂದೇ ಒಂದು ಮಾತು ಹೇಳಿ ಕಳಿಸಿದ್ದಳು. "ಅವರ ಮಾತನ್ನ ನೀವು ಮುಗಿಸಬೇಡಿ. ಮುಗಿಸಿದ್ರೆ ಅವರಿಗೆ ಮಾತು ಬರಲ್ಲ." ಡಲ್ಸಿ ಆಸ್ಪತ್ರೆಯ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಮ್ಯೂಸಿಯಂ ಮುಂದೆ ಹಂಸಗಳಿದ್ದ ಜಾಗದಲ್ಲಿ ಈಗ ಖಾಲಿ ಮಣ್ಣು, ಪಟ್ಟಿಯ ಅಂಚಿನಲ್ಲಿ ಕಪ್ಪು ವೃತ್ತ. ಕಂಬ ಮತ್ತೆ ನಿಂತಿದೆ, ಅದರಲ್ಲಿ ತಂತಿಯಿಲ್ಲದ ಬರೀ ಬಟ್ಟೆಯ ಚೀಲ. ಮೊನ್ನೆ ಒಂದು ಗುಂಪು ಬಂದಿತ್ತು. ಅದರಲ್ಲಿದ್ದ ಒಬ್ಬ ಗಡ್ಡದವನು ಜೋತುಬಿದ್ದ ಚೀಲ ನೋಡಿ, "ಇದೇನ್ರೀ, ಸತ್ತುಬಿದ್ದಿದೆ!" ಎಂದ.

"ಗಾಳಿ ಇಲ್ಲ. ಬಂದಾಗ ಏಳತ್ತೆ," ಎಂದಳು ಡಲ್ಸಿ. ಅಷ್ಟೇ.

ಗಡ್ಡದವನು ಒಳಗೆ ಹೋಗಿ ಹಳದಿ ವಿಮಾನದ ಮುಂದೆ ಕುರ್ಚಿಯಲ್ಲಿ ಕೂತಿದ್ದ ಕೆಲ್‌ನನ್ನು ಕೇಳಿದ, "ಏನಜ್ಜ, ಇದರ ಕಥೆ?"

ಕೆಲ್ ಎಡಗೈಯನ್ನು ಎಂಜಿನ್ನಿನ ಮೇಲಿಟ್ಟ. "ಈ... ಎಂಜಿನ್ನು..."

ನಿಂತ. ತುಟಿ ಹುಡುಕಾಡಿತು. ಗಡ್ಡದವನು ಡಲ್ಸಿಯ ಕಡೆಗೆ ತಿರುಗಿದ, ನೀವಾದರೂ ಹೇಳಿ ಎಂಬಂತೆ. ಡಲ್ಸಿಯ ನಾಲಗೆಯ ತುದಿಯಲ್ಲಿ ಇಡೀ ಕಥೆ ಕುಣಿಯುತ್ತಿತ್ತು. ಅವಳು ಮೇಜಿನ ಅಂಚನ್ನು ಬೆರಳು ಬೆಳ್ಳಗಾಗುವಂತೆ ಹಿಡಿದುಕೊಂಡಳು.

"ನನ್ನ ಕೇಳಬೇಡಿ. ಅವನೇ ಹೇಳ್ತಾನೆ. ಕಾಯಿರಿ."

ಕೆಟಲ್ ಕುದಿಯಿತು. ಅವಳು ಒಲೆ ಆರಿಸಿದಳು. ಎಲ್ಲರೂ ಕಾದರು.

"ಈ ಎಂಜಿನ್ನು... ಆಕಾಶದಲ್ಲಿ... ಒಂದು ಸಲಾನೂ... ನಿಂತಿಲ್ಲ," ಎಂದ ಕೆಲ್. ಉಸಿರು ತೆಗೆದುಕೊಂಡ. ಹೆಂಡತಿಯ ಕಡೆಗೆ ನೋಡಿದ. "ನೋಡ್ಕೋತಿದ್ದದ್ದು... ನಾನು."

ಮೂರು ಸಲ ನಿಂತಿತ್ತು, ಮೂರು ಸಲ ನಿಂತಿತ್ತು ಎಂದು ಎಷ್ಟು ಜನರ ಮುಂದೆ, ಎಷ್ಟು ವರ್ಷ ಹೇಳಿದ್ದಳು ಡಲ್ಸಿ, ಅವನ ಎದುರಿನಲ್ಲೇ! ಅವಳು ಹೋಗಿ ಅವನ ಪಕ್ಕದ ಪೆಟ್ಟಿಗೆಯ ಮೇಲೆ ಕೂತು, ಅವನ ಜೀವವಿಲ್ಲದ ಬಲಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ಆಮೇಲೆ?" ಎಂದಳು. ಮತ್ತೆ ಕಾದಳು.